ಹಲಗೆಯಂತೆ ಸದ್ದು ಮಾಡಿದ ಬಂಡೆ

ಗಟ್ಟಿ ಬಂಡೆಗೆ ಸುತ್ತಿಗೆಯಿಂದ ಹೊಡೆದರೆ ಕಣ್ ಎನ್ನುತ್ತದೆ, ಸುತ್ತಿಗೆ ಕೈಗೆ ಪುಟಿದು ಬರುತ್ತದೆ. ಹಿಂದೆ ಟೊಳ್ಳಿದ್ದರೆ ದಬ್ ಎನ್ನುತ್ತದೆ, ಏಟನ್ನು ಬಂಡೆಯೇ ನುಂಗಿಬಿಡುತ್ತದೆ. ಆ ಬೆಟ್ಟದ ಹೆಗಲಿನ ಮೇಲೆ ಹಗ್ಗ ಕಟ್ಟಿಕೊಂಡು ಇಳಿದು ಹೊಡೆದಾಗ ಕೇಳಿಸಿದ್ದು ದಬ್ ಕೂಡ ಅಲ್ಲ. ಜಾತ್ರೆಯಲ್ಲಿ ಬಾರಿಸುವ ಹಲಗೆಯ ಸದ್ದು. ಎಂಟು ಮೀಟರ್ ಅಗಲ, ಆರು ಮೀಟರ್ ಉದ್ದದ ಕಲ್ಲಿನ ಹಾಸು ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಹಾಗೆಯೇ ಗುಂಯ್‌ಗುಟ್ಟಿತು. ಅಂದಿನಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದರ ಹೆಸರು ಹಲಗೆ ಎಂದೇ ಆಯಿತು.

ನಾನು ಭೂವಿಜ್ಞಾನಿ, ಇಳಿಜಾರುಗಳ ಸ್ಥಿರತೆಯ ಕೆಲಸ ಮಾಡುತ್ತೇನೆ. ಇದು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಮಾತು. ರಾಮನಗರದಿಂದ ತುಮಕೂರು ಸೀಮೆಯನ್ನು ಹಾದು ಬಳ್ಳಾರಿ, ಕೊಪ್ಪಳದ ಕಡೆಗೆ ಸಾಗುವ ಗ್ರಾನೈಟ್ ಪಟ್ಟಿಯ ಮೇಲೆ ಆ ಊರು ಕೂತಿದೆ. ಈ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರೇ ಕಲ್ಲಿಗೂ ಉಳಿದುಕೊಂಡಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಇಷ್ಟು ಹಳೆಯ, ಇಷ್ಟು ಗಟ್ಟಿಯಾದ ಕಲ್ಲಿನ ಕೆಳಗೆ ಮನೆ ಕಟ್ಟಿಕೊಂಡವರಿಗೆ ಭಯ ಹುಟ್ಟದೇ ಇರುವುದು ಸಹಜವೇ.

ಬೆಟ್ಟದ ಆ ಮಗ್ಗುಲು 24 ಮೀಟರ್ ಎತ್ತರ. ಬುಡದಿಂದ ಆರು ಮೀಟರ್ ದೂರದಲ್ಲಿ ಮೊದಲ ಸಾಲಿನ ಮನೆಗಳು. ಹಿಂದಿನ ಮಳೆಗಾಲದಲ್ಲಿ ಒಂದು ಬೆಳಗಿನ ಜಾವ ಎಮ್ಮೆಯ ಗಾತ್ರದ ತುಂಡೊಂದು ಉರುಳಿ ಬಂದು ಒಂದು ದನದ ಕೊಟ್ಟಿಗೆಯನ್ನು ನೆಲಸಮ ಮಾಡಿತ್ತು. ದನಗಳನ್ನು ಹಿಂದಿನ ದಿನವಷ್ಟೇ ಮದುವೆ ಮನೆಯ ಗದ್ದಲಕ್ಕೆ ಹೆದರುತ್ತವೆಂದು ಬೇರೆಡೆ ಕಟ್ಟಿದ್ದರಂತೆ. ನಾನು ಹೋದಾಗ ಕೇರಿಯವರೆಲ್ಲ ಕೈ ಮಾಡಿ ತೋರಿಸಿದ್ದು ನೆತ್ತಿಯ ಮೇಲಿದ್ದ ಆನೆಕಲ್ಲನ್ನು. ಒಂಟಿಯಾಗಿ, ಅಂಚಿಗೆ ವಾಲಿದಂತೆ ಕೂತ ದೊಡ್ಡ ಗುಂಡು. ಅದನ್ನು ಒಡೆಸಿಬಿಡಿ ಎನ್ನುವುದೊಂದೇ ಅವರ ಬೇಡಿಕೆ.

ನಾನು ಮೊದಲು ಮಾಡಿದ್ದು ಬೆಟ್ಟ ಹತ್ತುವುದಲ್ಲ, ಬುಡದಲ್ಲಿ ಬಿದ್ದಿದ್ದ ಕಲ್ಲುಗಳನ್ನು ಎಣಿಸುವುದು. ಬಿದ್ದ ಕಲ್ಲಿನ ಒಡೆದ ಮುಖ ಎಷ್ಟು ಹೊಸದು ಎನ್ನುವುದನ್ನು ಅದರ ಮೇಲಿನ ಕಲ್ಲುಹೂವು ಹೇಳುತ್ತದೆ. ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟರೇ ಇವು, ಬೂದು, ಹಸಿರು, ಕಿತ್ತಳೆ ಬಣ್ಣದ ಹಪ್ಪಳಗಳು. ಬಹಳ ನಿಧಾನವಾಗಿ ಹರಡುತ್ತವೆ. ಅಂಗೈಯಗಲ ಬೆಳೆದಿದ್ದರೆ ಆ ಮುಖ ತೆರೆದುಕೊಂಡು ತಲೆಮಾರುಗಳೇ ಆಗಿವೆ. ಬುಡದಲ್ಲಿದ್ದ 41 ತುಂಡುಗಳಲ್ಲಿ 9ರ ಮುಖ ಬೋಳು, ಇನ್ನೂ ಗುಲಾಬಿ ಬಣ್ಣ. ಆ ಒಂಬತ್ತೂ ಬಿದ್ದಿದ್ದು ಆನೆಕಲ್ಲಿನ ನೇರಕ್ಕಲ್ಲ, ಎಡಕ್ಕೆ, ಹಳೆಯ ಕಲ್ಲು ಕ್ವಾರಿಯ ಗೋಡೆಯ ಕೆಳಗೆ.

ಆನೆಕಲ್ಲನ್ನು ಅಲಕ್ಷಿಸುವಂತಿರಲಿಲ್ಲ. ಅದರ ತೂಕ ಸುಮಾರು 80 ಟನ್. ಒಂದು ಇಡೀ ದಿನ ಅದರ ತಳದಲ್ಲಿ ಕಳೆದೆ. ಕೂತಿದ್ದ ಪೀಠದ ಇಳಿಜಾರು ಆರೇ ಡಿಗ್ರಿ. ಭಾರದ ಗೆರೆ ಪೀಠದ ನಡುವಿನಲ್ಲೇ ಇಳಿಯುತ್ತಿತ್ತು. ನನಗೆ ನೆಮ್ಮದಿ ತಂದ ಸಾಕ್ಷಿ ಮಾತ್ರ ಬೇರೆ: ಒಂದೇ ಕಲ್ಲುಹೂವಿನ ಹಪ್ಪಳ ಗುಂಡಿನ ಮೇಲೂ ಪೀಠದ ಮೇಲೂ ಹರಡಿ, ಎರಡರ ನಡುವಿನ ಸಂದನ್ನು ದಾಟಿತ್ತು. ಎಲ್ಲಿಯೂ ಹರಿದಿರಲಿಲ್ಲ. ಕಲ್ಲು ಕೂದಲೆಳೆಯಷ್ಟು ಜರುಗಿದ್ದರೂ ಅದು ಸೀಳಬೇಕಿತ್ತು. ಅಂಥ ಗುರುತು ನಾಲ್ಕು ಕಡೆ ಸಿಕ್ಕಿತು. ಆನೆಕಲ್ಲು ಇರಲಿ ಎಂದು ಬರೆದುಕೊಂಡೆ. ಕೇರಿಯವರಿಗೆ ಇದನ್ನು ಹೇಳಿ ಒಪ್ಪಿಸುವುದು ಮುಂದಿನ ಎಲ್ಲ ಕೆಲಸಕ್ಕಿಂತ ಕಷ್ಟವಾಯಿತು.

ಅಪಾಯವಿದ್ದದ್ದು ಕೆಳಗಿನಿಂದ ಕಾಣದ ಕಡೆ. ಗ್ರಾನೈಟ್ ಬೆಟ್ಟಗಳು ಈರುಳ್ಳಿಯ ಹಾಗೆ ಪದರಪದರವಾಗಿ ಬಿಡುತ್ತವೆ. ಆಳದಲ್ಲಿ ಹುಟ್ಟಿದ ಕಲ್ಲು, ಮೇಲಿನ ಭಾರ ಸವೆದು ಹೋದಂತೆ ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಬಿರಿಯುತ್ತದೆ. ಹಗಲ ಬಿಸಿಲು, ರಾತ್ರಿಯ ತಂಪು ಆ ಬಿರುಕನ್ನು ದಿನವೂ ಒಂದಿಷ್ಟು ತೆರೆದು ಮುಚ್ಚುತ್ತವೆ. ಬೆಟ್ಟದ ಹೆಗಲಿನಲ್ಲಿ, ನೆಲದಿಂದ 16 ಮೀಟರ್ ಮೇಲೆ, ಅಂಥ ಪದರವೇ ಹಲಗೆ. ದಪ್ಪ 1.2 ಮೀಟರ್. ಅದರ ತಳದ ಬಿರುಕು 42 ಡಿಗ್ರಿ ಇಳಿಜಾರಿನಲ್ಲಿ ನೇರವಾಗಿ ಮನೆಗಳ ಕಡೆಗೆ ಮುಖ ಮಾಡಿತ್ತು. ಕೆಳತುದಿಗೆ ಇರಬೇಕಾದ ಆಸರೆ ಅರ್ಧ ಇರಲೇ ಇಲ್ಲ. ಅಲ್ಲಿ ಸಾಲಾಗಿ ಬೆಣೆ ಹೊಡೆದ ಗುರುತುಗಳಿದ್ದವು.

ಆ ಗುರುತುಗಳನ್ನು ಓದಿ ಹೇಳಿದವರು ಕೇರಿಯಲ್ಲಿದ್ದ ಹಿರಿಯ ಕಲ್ಲುಕುಟಿಗ. "ಅವ್ವಾ, ಇದು ನಮ್ಮ ಅಪ್ಪನ ಕಾಲದ ಬೆಣೆಯಲ್ಲ. ಆಗ ಚಾಣದಲ್ಲಿ ಚೌಕ ತೂತು ಹೊಡೆಯುತ್ತಿದ್ದರು. ಇದು ದುಂಡು ತೂತು, ಯಂತ್ರದ್ದು" ಎಂದರು. ಅಂದರೆ ಯಾರೋ ಇತ್ತೀಚೆಗೆ ಕಾಂಪೌಂಡಿಗೋ ಬುನಾದಿಗೋ ಸುಲಭಕ್ಕೆ ಸಿಕ್ಕಿತೆಂದು ಹಲಗೆಯ ಕಾಲನ್ನೇ ಕತ್ತರಿಸಿ ಒಯ್ದಿದ್ದರು. ಹದಿನೈದು ವರ್ಷದ ಕೆಲಸದಲ್ಲಿ ನಾನು ಕಲಿತ ಬಹುಪಾಲು ಸಂಗತಿಗಳು ಇಂಥ ಹಿರಿಯರಿಂದ ಬಂದವು. ಕಲ್ಲು ಯಾವ ದಿಕ್ಕಿಗೆ ಬಾಯಿಬಿಡುತ್ತದೆ ಎನ್ನುವುದು ಅವರಿಗೆ ಅಂಗೈಯಲ್ಲೇ ಗೊತ್ತು. ಇಳಿಜಾರಿನ ಪರಿಶೀಲನೆಗೆ ಹೋಗುವ ಕಿರಿಯರಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ ಇದು: ಆ ಊರಿನಲ್ಲಿ ಕಲ್ಲು ಒಡೆದವರನ್ನು ಮಾತಾಡಿಸಿದಿರಾ?

ಬಿರುಕಿನ ಎರಡೂ ದಡಗಳಿಗೆ ಸ್ಟೀಲ್ ಮೊಳೆಗಳ ಆರು ಜೋಡಿ ಕೂರಿಸಿ, ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯತೊಡಗಿದೆ. ದಿನವೂ ಬೆಳಗ್ಗೆ ಏಳಕ್ಕೇ ಅಳೆಯಬೇಕು. ಮಧ್ಯಾಹ್ನ ಅಳೆದರೆ ಬಿಸಿಲಿನ ಹಿಗ್ಗನ್ನೇ ಜಾರುವಿಕೆ ಎಂದು ತಪ್ಪಾಗಿ ತಿಳಿಯುವ ಸಂಭವವಿದೆ. ಹಗಲು ರಾತ್ರಿಯ ವ್ಯತ್ಯಾಸ 0.3 ಮಿ.ಮೀ. ಇತ್ತು, ಅದು ಬರುತ್ತಿತ್ತು, ಹೋಗುತ್ತಿತ್ತು. ಮಾರ್ಚಿನಲ್ಲಿ ಒಂದು ಅಕಾಲ ಮಳೆ ಸುರಿದ ಮರುದಿನ ಎರಡನೇ ಜೋಡಿ 1.8 ಮಿ.ಮೀ. ತೆರೆದುಕೊಂಡಿತು. ಮೂರು ವಾರ ಕಾದರೂ ಹಿಂದಕ್ಕೆ ಹೋಗಲಿಲ್ಲ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಎಲ್ಲರಿಗೂ ಅರ್ಥವಾಗಬೇಕಾದ ಲೆಕ್ಕ. ಹಲಗೆಯ ತೂಕ ಸುಮಾರು 153 ಟನ್. 42 ಡಿಗ್ರಿ ಇಳಿಜಾರಿನಲ್ಲಿ ಅದನ್ನು ಕೆಳಕ್ಕೆ ಎಳೆಯುವ ಬಲ 102 ಟನ್. ತಳಕ್ಕೆ ಅದನ್ನು ಒತ್ತಿ ಹಿಡಿಯುವ ಬಲ 113 ಟನ್. ಬಿರುಕಿನ ಒರಟುತನಕ್ಕೆ 35 ಡಿಗ್ರಿಯ ಘರ್ಷಣೆ ಕೋನ, ಅಂದರೆ ಕಲ್ಲಿನ ಮೇಲೆ ಕಲ್ಲು ತಾನಾಗಿ ಜಾರತೊಡಗುವ ಇಳಿಜಾರು, ಹಿಡಿದರೆ ತಡೆಯುವ ಬಲ 79 ಟನ್ ಆಗುತ್ತದೆ. ಎಳೆತ 102, ತಡೆ 79. ಮಿಕ್ಕ 23 ಟನ್ನನ್ನು ಹೊತ್ತಿದ್ದು ಇನ್ನೂ ಬಿಡದೆ ಅಂಟಿಕೊಂಡಿದ್ದ ಕಲ್ಲಿನ ಕೆಲವು ಎಳೆಗಳು ಮತ್ತು ಕೆಳಗೆ ಉಳಿದಿದ್ದ ಅರ್ಧ ಕಾಲು. ಈಗ ಬಿರುಕಿನಲ್ಲಿ ನೀರು ತುಂಬಿತು ಎನ್ನಿ. ಆ ನೀರು ಹಲಗೆಯನ್ನು ಕೆಳಗಿನಿಂದ ಎತ್ತುತ್ತದೆ, ಸುಮಾರು 48 ಟನ್ ಬಲದಿಂದ. ಒತ್ತುವ ಬಲ 65ಕ್ಕೆ ಇಳಿಯುತ್ತದೆ, ತಡೆ 46 ಟನ್‌ಗೆ. ಬೊಗಸೆಯಷ್ಟು ಅಗಲವೂ ಇಲ್ಲದ ಸಂದಿನೊಳಗಿನ ನೀರು 153 ಟನ್ ಕಲ್ಲಿನ ಹಿಡಿತದಲ್ಲಿ ನೂರಕ್ಕೆ ನಲವತ್ತು ಪಾಲನ್ನು ಕಿತ್ತುಕೊಳ್ಳುತ್ತದೆ.

ಭಾರತೀಯ ಮಾನಕ ಐಎಸ್ 13365ರ ಮೂರನೇ ಭಾಗದಲ್ಲಿ ಇಳಿಜಾರಿನ ಬಂಡೆಗೆ ಅಂಕ ಕೊಡುವ ಕ್ರಮವಿದೆ. ಬರಿಯ ಕಲ್ಲಿನ ಗುಣಕ್ಕೆ ನೂರರಲ್ಲಿ 58 ಅಂಕ ಬಂತು, ಸಾಧಾರಣ. ಬಿರುಕಿನ ದಿಕ್ಕನ್ನು ಸೇರಿಸಿದ ಮೇಲೆ 30ಕ್ಕೆ ಕುಸಿದು ಅಸ್ಥಿರ ಎನ್ನುವ ವರ್ಗಕ್ಕೆ ಬಿತ್ತು. ವರದಿಗೆ ಆ ಅಂಕ ಬೇಕು, ಹಣ ಮಂಜೂರಾಗುವುದು ಅದನ್ನು ನೋಡಿಯೇ.

ಹಾಗಾದರೆ ಬೇಸಿಗೆಯಲ್ಲೂ ಬಿರುಕಿನಿಂದ ಒಸರುತ್ತಿದ್ದ ನೀರು ಎಲ್ಲಿಯದು? ಮೇಲೆ ಊರಿನ ನೀರಿನ ಟ್ಯಾಂಕ್ ಇತ್ತು. ದಿನಾ ನಸುಕಿನಲ್ಲಿ ತುಂಬಿ ಹರಿಯುತ್ತಿದ್ದ ನೀರು ಬಂಡೆಯ ಮೇಲೆ ಹಸಿರು ಪಾಚಿಯ ಗೆರೆ ಎಳೆದು, ನೇರವಾಗಿ ಒಂದು ಅರಳಿಮರದ ಬುಡ ಸೇರುತ್ತಿತ್ತು. ಅರಳಿಯ ಬೇರು ಹಲಗೆಯ ಮೇಲ್ತುದಿಯ ಸಂದಿಗೆ ಇಳಿದಿತ್ತು. ಸಾಲದ್ದಕ್ಕೆ, ಹಿಂದೊಮ್ಮೆ ಯಾರೋ ಗುತ್ತಿಗೆದಾರರು ಬಿರುಕಿನ ಕೆಳತುದಿಗೆ ಸಿಮೆಂಟ್ ಮೆತ್ತಿಸಿದ್ದರು. ನೀರು ಒಳಬರುವ ಬಾಯಿ ತೆರೆದೇ ಇತ್ತು, ಹೊರಹೋಗುವ ಬಾಯಿ ಮುಚ್ಚಿತ್ತು. ಒಳ್ಳೆಯ ಉದ್ದೇಶದಿಂದ ಮಾಡಿದ ಇದಕ್ಕಿಂತ ಕೆಟ್ಟ ಕೆಲಸವನ್ನು ನಾನು ಕಂಡಿಲ್ಲ. ಬಂಡೆಯ ಮುಖಕ್ಕೆ ಗಾರೆ ಬಳಿದು ಸುರಕ್ಷಿತವೆಂದು ನಂಬುವವರು ನಮ್ಮಲ್ಲಿ ತುಂಬ ಜನ ಇದ್ದಾರೆ.

ಏಪ್ರಿಲ್ ಮೊದಲ ವಾರ ಕೆಲಸ ಶುರುವಾಯಿತು. ಮೊದಲು ಟ್ಯಾಂಕಿನ ವಾಲ್ವ್ ಬದಲಾಯಿಸಿ, ಹೆಚ್ಚಾದ ನೀರನ್ನು ಬೆಟ್ಟದ ಆಚೆ ಮಗ್ಗುಲಿಗೆ ಹರಿಸುವ ಚರಂಡಿ. ಅಗ್ಗದ ಕೆಲಸ, ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಕೆಲಸವೂ ಅದೇ. ಎರಡನೆಯದು ಅರಳಿಮರ. ಕಡಿಯುವುದಕ್ಕೆ ಕೇರಿಯ ತಾಯಂದಿರು ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಆದರೆ ಬೇರು ದಪ್ಪವಾದಂತೆ ಬೆಣೆಯ ಕೆಲಸವನ್ನೇ ಮಾಡುತ್ತದೆ. ಕೊನೆಗೆ ಅದರ ಒಂದು ಕೊಂಬೆಯನ್ನು ಊರ ಗುಡಿಯ ಕಟ್ಟೆಯಲ್ಲಿ ನೆಟ್ಟು, ಪೂಜೆ ಮಾಡಿ, ಮರುವಾರ ಮರ ತೆಗೆದೆವು. ಸತ್ತ ಬೇರು ಕೊಳೆತರೆ ಅದರ ಜಾಗದಲ್ಲಿ ನೀರಿಗೆ ಹೊಸ ದಾರಿ ಆಗುತ್ತದೆ. ಆದ್ದರಿಂದ ಕೈಗೆಟುಕಿದಷ್ಟು ಬೇರನ್ನು ಕಿತ್ತು, ಮೇಲ್ತುದಿಯ ಸಂದಿಗೆ ಗಾರೆ ತುಂಬಿದೆವು. ಗಾರೆ ಮೇಲೆ, ಕೆಳಗೆ ತೆರವು. ಹಿಂದಿನವರು ಮಾಡಿದ್ದಕ್ಕೆ ತದ್ವಿರುದ್ಧ.

ಅಂಚಿನಲ್ಲಿ ಸಡಿಲವಾಗಿದ್ದ ಚಿಕ್ಕ ಕಲ್ಲುಗಳನ್ನು ಮೇಲಿನಿಂದ ಕೆಳಕ್ಕೆ ಬರುತ್ತಾ ಸಲಾಕೆಯಿಂದ ಮೀಟಿ ಕೆಡವಿದೆವು. ಆ ಹತ್ತು ದಿನ ಮೊದಲ ಸಾಲಿನವರು ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಶಾಲೆಯ ಕಟ್ಟಡದಲ್ಲಿ ಇರಬೇಕಿತ್ತು. ಮಕ್ಕಳಿಗೆ ಅದು ಹಬ್ಬ, ಮುದುಕರಿಗೆ ಹಿಂಸೆ. ಮೂರ್ನಾಲ್ಕು ಟನ್ನಿನ ಎರಡು ತುಂಡುಗಳು ಸಲಾಕೆಗೆ ಬಗ್ಗಲಿಲ್ಲ. ಮನೆಗಳ ಪಕ್ಕದಲ್ಲಿ ಸಿಡಿಮದ್ದು ಬಳಸುವ ಮಾತೇ ಇಲ್ಲ, ಅದರ ಅದುರು ಹಲಗೆಯ ಉಳಿದ ಎಳೆಗಳನ್ನೂ ಕಡಿದುಬಿಡಬಹುದಿತ್ತು. ತೂತು ಕೊರೆದು ಸುಣ್ಣದಂಥ ಹಿಗ್ಗುವ ಪುಡಿಯನ್ನು ನೀರಿನಲ್ಲಿ ಕಲಸಿ ತುಂಬಿದೆವು. ಮರುದಿನ ಬೆಳಗ್ಗೆ ಸದ್ದಿಲ್ಲದೆ ಕಲ್ಲು ನಾಲ್ಕು ಹೋಳಾಗಿತ್ತು. ಇದನ್ನು ಬಳಸುವವರಿಗೆ ಒಂದು ಮಾತು: ತುಂಬಿದ ತೂತಿನೊಳಗೆ ಎಂದಿಗೂ ಬಗ್ಗಿ ನೋಡಬೇಡಿ. ಬಿಸಿಲು ಹೆಚ್ಚಾದರೆ ಅದು ಪಿಚಕಾರಿಯಂತೆ ಚಿಮ್ಮಿ ಕಣ್ಣು ಕಳೆಯುತ್ತದೆ.

ಹಲಗೆಯನ್ನೇ ಒಡೆದು ತೆಗೆಯಬಹುದಿತ್ತಲ್ಲ ಎಂದು ಹಲವರು ಕೇಳಿದರು. 16 ಮೀಟರ್ ಎತ್ತರದಿಂದ ಬೀಳುವ ಕಲ್ಲು ನೆಲ ಮುಟ್ಟುವಾಗ ಗಂಟೆಗೆ 60 ಕಿ.ಮೀ.ಗೂ ಹೆಚ್ಚು ವೇಗದಲ್ಲಿರುತ್ತದೆ. ಅರ್ಧ ಒಡೆದ ಹಲಗೆ ನಡುವೆ ಜಾರಿದರೆ ತಡೆಯುವವರಿಲ್ಲ. ಅದನ್ನು ಬೆಟ್ಟಕ್ಕೇ ಹೊಲಿಯುವುದು ಸರಿ ಎನಿಸಿತು. 25 ಮಿ.ಮೀ. ಕಂಬಿ, ನಾಲ್ಕು ಮೀಟರ್ ಉದ್ದ, ಸ್ವಲ್ಪ ಕೆಳಮುಖವಾಗಿ ಕೊರೆದ 50 ಮಿ.ಮೀ. ತೂತು. ಕಂಬಿಯ ಒಂದೂವರೆ ಮೀಟರ್ ಹಲಗೆಯಲ್ಲಿ, ಎರಡೂವರೆ ಮೀಟರ್ ಹಿಂದಿನ ಗಟ್ಟಿ ಕಲ್ಲಿನಲ್ಲಿ. ತುಂಬ ಸಿಮೆಂಟ್ ಹಾಲು, ಹೊರತುದಿಗೆ ಪ್ಲೇಟು, ನಟ್ಟು. ಕಂಬಿಗೆ ತಲಾ ಹತ್ತು ಟನ್ ಹೊರಿಸಿದರೆ ಏಳು ಸಾಕೆಂದು ಲೆಕ್ಕ ಹೇಳಿತು. ಹತ್ತು ಹಾಕಿದೆವು. ಮೂರನ್ನು ಜಾಕ್ ಇಟ್ಟು 12 ಟನ್‌ವರೆಗೆ ಎಳೆದು ಪರೀಕ್ಷಿಸಿದೆವು. ಒಂದು ಕಂಬಿ ಎಂಟು ಟನ್ನಿಗೇ ಜರುಗಿತು. ಬಿರುಕಿನೊಳಗೆ ಸಿಮೆಂಟ್ ಹಾಲು ಸೋರಿಹೋಗಿ ತೂತು ಅರ್ಧ ಖಾಲಿ ಉಳಿದಿತ್ತು. ಮಿಕ್ಕ ಏಳನ್ನೂ ಎಳೆದು ನೋಡಿದೆವು. ಗುತ್ತಿಗೆದಾರರಿಗೆ ಬೇಸರವಾಯಿತು, ನಾನು ಬಿಡಲಿಲ್ಲ. ಸೋತ ಕಂಬಿಯ ಪಕ್ಕದಲ್ಲಿ ಹನ್ನೊಂದನೆಯದು ಬಂತು. ಕತ್ತರಿಸಿ ಹೋಗಿದ್ದ ಕಾಲಿನ ಜಾಗಕ್ಕೆ ಕಂಬಿ ಕಟ್ಟಿದ ಕಾಂಕ್ರೀಟಿನ ಊರುಗೋಲು ನಿಂತಿತು.

ಕೊನೆಗೆ ನೀರಿನ ಕೊಳವೆಗಳು. ಕ್ವಾರಿಯ ಗೋಡೆಯಿಂದ ಐದು ಡಿಗ್ರಿ ಮೇಲ್ಮುಖವಾಗಿ, ಐದು ಮೀಟರ್ ಆಳಕ್ಕೆ, ಎಂಟು ತೂತು. ಮೂರನೆಯದು ಬಿರುಕನ್ನು ಮುಟ್ಟಿದ ಕ್ಷಣ ಕೊರೆಯುತ್ತಿದ್ದ ಹುಡುಗ ಕೂಗಿ ಪಕ್ಕಕ್ಕೆ ಸರಿದ. ಮಣ್ಣುಬಣ್ಣದ ನೀರು ಕಂಬಿಯ ಸುತ್ತ ಉಕ್ಕಿ ಬಂತು, ನಂತರ ತಿಳಿಯಾಯಿತು, ಮೂರು ದಿನ ಹರಿಯಿತು. ಟ್ಯಾಂಕಿನ ನೀರು ನಿಂತು ತಿಂಗಳಾದ ಮೇಲೂ ಅಷ್ಟು ಒಳಗಿತ್ತು. ಕೆಳಗೆ ನಿಂತಿದ್ದ ಹೆಂಗಸರೊಬ್ಬರು ಕೊಡ ಹಿಡಿದುಕೊಂಡು ಬಂದರು. ತೂತುಗಳಿಗೆ ರಂಧ್ರವಿರುವ ಪಿವಿಸಿ ಕೊಳವೆ ಹಾಕಿದೆವು. ಬುಡಕ್ಕೆ ತಂತಿಬುಟ್ಟಿಯಲ್ಲಿ ಕಲ್ಲು ತುಂಬಿದ ಎರಡು ಮೀಟರ್ ಗೋಡೆ, ಅದರ ಹಿಂದೆ ಮರಳಿನ ಹಾಸು, ಗೋಡೆಯ ಮೇಲೆ ಜಿಂಕ್ ಲೇಪಿತ ತಂತಿಜಾಲ. ಜಾಲ ಚಿಕ್ಕ ಚೂರುಗಳಿಗಷ್ಟೇ. ಅದು ದೊಡ್ಡ ಬಂಡೆಯನ್ನು ಹಿಡಿಯುತ್ತದೆಂದು ನಾನು ಯಾರಿಗೂ ಹೇಳಿಲ್ಲ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ದಿನ ಆ ಕೇರಿಯಿಂದ ನನಗೆ ಸಾಲುಸಾಲು ಕರೆಗಳು ಬಂದವು. ಅದು ಮಣ್ಣಿನ ಗುಡ್ಡ, ಇದು ಬೇರೆ ಎಂದು ವಿವರಿಸಿದೆ. ಆದರೂ ಮಳೆ ನಿಂತ ಮೇಲೆ ಹೋಗಿ ಆರೂ ಜೋಡಿ ಮೊಳೆ ಅಳೆದು ಬಂದೆ. 0.3 ಮಿ.ಮೀ., ಬಿಸಿಲಿನ ಉಸಿರಾಟ ಮಾತ್ರ.

ಈಗ ಪ್ರತಿ ವರ್ಷ ಮೇ ಕೊನೆಗೆ ಹೋಗುತ್ತೇನೆ. ಈ ಸಲ ಆರನೇ ಕೊಳವೆಯ ಬಾಯಿಯಲ್ಲಿ ಕಣಜವೊಂದು ಕೆಸರಿನ ಗೂಡು ಕಟ್ಟಿತ್ತು. ಕಲ್ಲುಕುಟಿಗ ಅಜ್ಜ ಅದನ್ನು ಮೊದಲೇ ನೋಡಿಟ್ಟಿದ್ದರು, ಹುಳು ಹಾರಿಹೋಗಲಿ ಎಂದು ಕಾಯುತ್ತಿದ್ದರಂತೆ. ಕಂಬಿಯೊಂದಕ್ಕೆ ಬಟ್ಟೆ ಸುತ್ತಿ ಇಬ್ಬರೂ ಸೇರಿ ಎಂಟೂ ಕೊಳವೆಗಳನ್ನು ಉಜ್ಜಿದೆವು. ಮೂರನೆಯದು ಇನ್ನೂ ತೊಟ್ಟಿಕ್ಕುತ್ತಿದೆ.