ಬಸ್ಸಾರು ಮಾಡೋರು ಮೊದಲು ಕಟ್ಟು ಕುಡಿದು ನೋಡಿ

ಮಂಡ್ಯ, ಹಾಸನ, ತುಮಕೂರು ಕಡೆಯವರಿಗೆ ಬಸ್ಸಾರು ಹೇಳಿಕೊಡುವ ಅಗತ್ಯವಿಲ್ಲ. ಇದು ಪಿ.ಜಿ. ಊಟಕ್ಕೆ ಬೇಸತ್ತು ಬೇರೆ ರೂಮು ಮಾಡಿಕೊಂಡ ನಮ್ಮ ಅಕ್ಕನ ಮಗನಂಥವರಿಗೆ. ಒಂದೇ ಪಾತ್ರೆಯಲ್ಲಿ ಬೆಂದ ಕಾಳು ಸೊಪ್ಪಿನಲ್ಲಿ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ. ಬೆಂದದ್ದನ್ನು ಬಸಿದಾಗ ಬರುವ ನೀರೇ ಕಟ್ಟು, ಸಾರು ಆಗುವುದು ಅದರಲ್ಲಿ. ನಾಲ್ಕು ಜನರ ಲೆಕ್ಕ ಹೇಳುತ್ತೇನೆ.

ಒಂದು ಲೋಟ ಅಲಸಂದೆ ಕಾಳು ರಾತ್ರಿಯೇ ನೆನೆಹಾಕಿ. ಹೆಸರುಕಾಳಾದರೂ ಸರಿ, ತೊಗರಿಬೇಳೆಯಾದರೂ ಸರಿ. ಡಿಸೆಂಬರ್, ಜನವರಿಯಲ್ಲಿ ಹಸಿ ಅವರೆಕಾಳು ಸಿಗುವಾಗ ಬೇರೆ ಕಾಳಿನ ಮಾತೇ ಬೇಡ.

ಸೊಪ್ಪಿಗೆ ದಂಟು ಎರಡು ಕಂತೆ, ಸಬ್ಬಸಿಗೆ ಒಂದು. ಮೆಂತ್ಯ ಜಾಸ್ತಿ ಬಿದ್ದರೆ ಕಟ್ಟು ಕಹಿಯಾಗುತ್ತದೆ. ಪಾಲಕ್ ಹಾಕುವವರೂ ಇದ್ದಾರೆ, ನಾನು ಹಾಕುವುದಿಲ್ಲ. ಬೆಂದರೆ ಲೋಳೆ ಲೋಳೆ. ಸೊಪ್ಪು ತೊಳೆಯುವಾಗ ಅಗಲ ಪಾತ್ರೆಯ ನೀರಲ್ಲಿ ಮುಳುಗಿಸಿ, ಕೈಯಲ್ಲಿ ಮೇಲೆತ್ತಿ. ಪಾತ್ರೆಯನ್ನೇ ಬಗ್ಗಿಸಿ ಸುರಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೇ ಬರುತ್ತದೆ, ಅಲ್ವಾ? ನೀರು ತಿಳಿಯಾಗುವವರೆಗೂ ಹೀಗೇ ಮಾಡಿ. ಎಳೆ ದಂಟನ್ನು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಸೊಪ್ಪಿಗಿಂತ ಸ್ವಲ್ಪ ಮುಂಚೆ ಹಾಕಿ.

ಕುಕ್ಕರ್ ಬೇಡ. ಎರಡು ವಿಷಲ್‌ಗೆ ಕಾಳು ಒಡೆದು, ಕಟ್ಟು ಬಗ್ಗಡವಾಗುತ್ತದೆ. ತೆರೆದ ಪಾತ್ರೆಯಲ್ಲಿ ಆರು ಲೋಟ ನೀರು ಕುದಿಸಿ ಕಾಳು ಹಾಕಿ. ಬೆರಳಲ್ಲಿ ಹಿಸುಕಿದರೆ ಮೆತ್ತಗಿರಬೇಕು, ಆದರೆ ಆಕಾರ ಬಿಟ್ಟಿರಬಾರದು. ಆಗ ದಂಟು, ಆಮೇಲೆ ಸೊಪ್ಪು, ಉಪ್ಪು. ಐದಾರು ನಿಮಿಷ ಸಾಕು. ಮುಚ್ಚಳ ಮುಚ್ಚಬೇಡಿ, ಸೊಪ್ಪಿನ ಹಸಿರು ಹೋಗುತ್ತದೆ. ಹುಣಸೆಹಣ್ಣಿನ ಸುದ್ದಿಗೆ ಈಗಲೇ ಹೋಗಬೇಡಿ. ಹುಳಿ ಬಿದ್ದ ಕಾಳು ಬೇಗ ಬೇಯುವುದಿಲ್ಲ.

ಇನ್ನು ಬಸಿಯುವುದು. ತೂತಿನ ಪಾತ್ರೆಯ ಕೆಳಗೆ ಇನ್ನೊಂದು ಪಾತ್ರೆ ಇಡುವುದನ್ನು ಮರೆತು ಕಟ್ಟನ್ನೆಲ್ಲ ಸಿಂಕಿಗೆ ಸುರಿದವರುಂಟು! ಬಸಿದ ಮೇಲೆ ಒಂದು ಸೌಟು ಕಟ್ಟು ಲೋಟಕ್ಕೆ ಹಾಕಿಕೊಂಡು ಕುಡಿದು ನೋಡಿ. ಸುಮ್ನೆ ಹಾಗೇ ಕುಡಿಯುವಂತಿರಬೇಕು. ಸಪ್ಪೆಯಾಗಿದ್ದರೆ ಉಪ್ಪು ಹಾಕಿ. ನೀರು ನೀರಾಗಿದ್ದರೆ ಕಟ್ಟನ್ನೊಂದೇ ಸ್ವಲ್ಪ ಹೊತ್ತು ಕುದಿಸಿ. ಇಲ್ಲಿ ರುಚಿಯಿಲ್ಲದಿದ್ದರೆ ಮುಂದೆ ಎಷ್ಟು ಮಸಾಲೆ ಹಾಕಿದರೂ ಖಾರದ ನೀರೇ.

ಮಸಾಲೆಗೆ ಒಂದು ದೊಡ್ಡ ಈರುಳ್ಳಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ ಎಣ್ಣೆಯಲ್ಲಿ ಅಂಚು ಕಪ್ಪಾಗುವವರೆಗೆ ಹುರಿಯಿರಿ. ಈರುಳ್ಳಿಯನ್ನು ಸಿಪ್ಪೆ ಸಮೇತ ಉರಿಯ ಮೇಲೆ ಸುಟ್ಟರೆ ಇನ್ನೂ ರುಚಿ. ಬಣ್ಣಕ್ಕೆ ಬ್ಯಾಡಗಿ ನಾಲ್ಕು, ಖಾರಕ್ಕೆ ಗುಂಟೂರು ಎರಡು. ಎರಡು ಚಮಚ ಧನಿಯ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಬೆಚ್ಚಗೆ ಮಾಡಿ. ಒಂದು ಹಿಡಿ ಕಾಯಿತುರಿ, ಗೋಲಿ ಗಾತ್ರದ ಹುಣಸೆಹಣ್ಣು, ಜೊತೆಗೆ ಒಂದು ಸೌಟು ಬೆಂದ ಕಾಳು ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಸಾರು ಮಂದವಾಗುವುದು ಈ ಒಂದು ಸೌಟಿನಿಂದಲೇ. ರುಬ್ಬಿದ್ದನ್ನು ಕಟ್ಟಿಗೆ ಕದಡಿ, ಹಸಿ ವಾಸನೆ ಹೋಗುವವರೆಗೆ ಕುದಿಸಿ. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ.

ಪಲ್ಯಕ್ಕೆ ಹೆಚ್ಚು ಹೇಳುವುದಿಲ್ಲ. ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆಗೆ ಉಳಿದ ಕಾಳು ಸೊಪ್ಪನ್ನು ಹಿಂಡಿ ಹಾಕಿ, ಕಾಯಿತುರಿ ಉದುರಿಸಿ. ಉಪ್ಪು ನೋಡಿ ಹಾಕಿ, ಬೇಯುವಾಗಲೇ ಬಿದ್ದಿರುತ್ತದೆ.

ಬಿಸಿ ಮುದ್ದೆ ಇದ್ದರೆ ಸರಿ. ಮುದ್ದೆ ಕಟ್ಟಲು ಬರದವರು ಅನ್ನಕ್ಕೆ ತುಪ್ಪ ಹಾಕಿಕೊಂಡು ಉಣ್ಣಿ, ಯಾರೂ ಬೈಯುವುದಿಲ್ಲ. ಪಲ್ಯ ಅವತ್ತೇ ಖಾಲಿ ಮಾಡಿ. ಸಾರು ಮಿಕ್ಕರೆ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಚೆನ್ನಾಗಿ ಕುದಿಸಿ. ನಮ್ಮ ಮನೆಯಲ್ಲಂತೂ ಆ ಮಾರನೇ ದಿನದ ಸಾರಿಗೇ ಜಗಳ.