ಯೂನಿಫಾರ್ಮ್ ಬಿಚ್ಚಿಸಿದ ಮೇಲೆ ಓಡಿದ ನಾಟಕ

ಟೆರೆಜಿನ್ ಅಂದರೆ ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಚೆಕ್ ಊರು. ಅದರ ಮೇಲಿನ ನಮ್ಮ ನಾಟಕ ಓಡಲ್ಲ ಅಂದವರು ಹೊರಗಿನವರಲ್ಲ, ನಮ್ಮ ತಂಡದವರೇ. "ನಾಜಿ ಕತೆ ಅಂದಮೇಲೆ ಬೂಟು, ಬಂದೂಕು ಇಲ್ಲದೆ ಹೇಗೆ ಮಾರಾಯ್ರೇ?" ಅವರ ಮಾತು ಕೇಳಿಯೇ ಮೊದಲೆರಡು ಪ್ರಯೋಗ ಮುಳುಗಿತು. ಎಂಟು ಯೂನಿಫಾರ್ಮ್ ಹೊಲಿಸಿದೆ, ಬೂಟು ಬಾಡಿಗೆಗೆ ತಂದೆ, ಹತ್ತಿರ ಹತ್ತಿರ 18 ಸಾವಿರ. ಹೊಡೆಯುವ ದೃಶ್ಯ ಬಂದಾಗ ಮುಂದಿನ ಸಾಲಿನವರು ಮೊಬೈಲ್ ನೋಡುತ್ತಿದ್ದರು. ಎಲ್ಲ ಸೇರಿ 30 ಸಾವಿರ ಹೋಯಿತು, ನನ್ನ ಜೇಬಿನದೇ.

ಆಮೇಲೆ ಹೊಳೆಯಿತು. ಅಲ್ಲಿ ನಡೆದದ್ದೇ ಒಂದು ನಾಟಕ, ಅದರ ಮೇಲೆ ನಾವು ಇನ್ನೊಂದು ಯಾಕೆ ಕಟ್ಟಬೇಕು? 1944ರ ಜೂನ್ 23ಕ್ಕೆ ರೆಡ್‌ಕ್ರಾಸ್‌ನವರು ತಪಾಸಣೆಗೆ ಬರುತ್ತಾರೆ ಅಂತ ತಿಂಗಳುಗಟ್ಟಲೆ ಗೋಡೆಗೆ ಬಣ್ಣ ಬಳಿದಿದ್ದರು, ಹೂವಿನ ಗಿಡ ನೆಟ್ಟಿದ್ದರು, ಕಾಫಿ ಅಂಗಡಿಯನ್ನೂ ಸಿಂಗರಿಸಿದ್ದರು. ಊರು ಕಿಕ್ಕಿರಿದು ಕಾಣಬಾರದಲ್ವಾ, ಅದಕ್ಕೆ ಮೇ ತಿಂಗಳಲ್ಲೇ ಸುಮಾರು 7,500 ಜನರನ್ನು ಆಶ್‌ವಿಟ್ಸ್ ಸಾವಿನ ಶಿಬಿರಕ್ಕೆ ಸಾಗಿಸಿದ್ದರು. ಅಲ್ಲಿನ ಯಹೂದಿ ಹಿರಿಯರ ಮಂಡಳಿಯ ಪೌಲ್ ಎಪ್‌ಸ್ಟೈನ್ ಅವರಿಗೆ ಮೇಯರ್ ಪಾತ್ರ. ಸೆಪ್ಟೆಂಬರ್‌ನಲ್ಲಿ ಅವರನ್ನೇ ಗುಂಡಿಟ್ಟು ಕೊಂದರು.

ಹಾಗಾಗಿ ಯೂನಿಫಾರ್ಮ್ ತೆಗೆದೆ. ಪ್ರೇಕ್ಷಕರನ್ನೇ ತಪಾಸಣೆಗೆ ಬಂದ ಅತಿಥಿಗಳನ್ನಾಗಿ ಮಾಡಿದೆ. ಬಾಗಿಲಲ್ಲಿ ಎಲ್ಲರಿಗೂ ಬ್ಯಾಡ್ಜು, ಕಾಫಿ ಅಂಗಡಿ ದೃಶ್ಯದಲ್ಲಿ ಬಿಸ್ಕತ್ತು. ಒಂದು ಪ್ರಯೋಗದಲ್ಲಿ ಕಾಫಿಯನ್ನೂ ಕೊಟ್ಟು ನೋಡಿದೆ. ಜನ ಹರಟೆಗೆ ಶುರುಮಾಡಿದರು, ನಿಲ್ಲಿಸಿದೆ. ರಂಗದ ಮೇಲೆ ಗೋಡೆಯಂತೆ ನಿಲ್ಲಿಸುವ ಫ್ಲಾಟ್‌ಗಳಿಗೆ ನಾಟಕ ಶುರುವಾಗಲು ಒಂದು ಗಂಟೆ ಇದ್ದಾಗ ಬಣ್ಣ ಬಳಿಸಿದೆ. ಹಸಿ ಬಣ್ಣದ ವಾಸನೆ ಮೂಗಿಗೆ ಹೊಡೆಯುತ್ತಿರುವಾಗ ನಟರು "ಇಲ್ಲಿ ಎಲ್ಲ ಚೆನ್ನಾಗಿದೆ" ಅನ್ನಬೇಕು. ಡಿಸ್ಟೆಂಪರ್‌ಗೆ ಮಾತ್ರ ಪ್ರತಿ ಸಲ 600 ರೂಪಾಯಿ. ಇಡೀ ನಾಟಕದಲ್ಲಿ ಇಷ್ಟು ಅಗ್ಗದ, ಇಷ್ಟು ಕೆಲಸ ಮಾಡಿದ ಖರ್ಚು ಬೇರೆ ಇಲ್ಲ.

ಮಕ್ಕಳ ದೃಶ್ಯ ಕಾಡಿತು. ಕಮಾಂಡೆಂಟ್ ಕಾರ್ಲ್ ರಾಹ್ಮ್ ಮೀನಿನ ಡಬ್ಬಿ ಹಂಚುವಾಗ "ರಾಹ್ಮ್ ಮಾಮಾ, ಇವತ್ತೂ ಸಾರ್ಡಿನ್ನಾ?" ಅನ್ನಬೇಕು ಅಂತ ಅಲ್ಲಿನ ಮಕ್ಕಳಿಗೆ ಕಲಿಸಿದ್ದರು. ನಮ್ಮ ಹುಡುಗಿ ಹೇಳಿದ್ದು ಎಲ್ಲರಿಗೂ "ರಾಮ್ ಮಾಮಾ" ಅಂತ ಕೇಳಿಸಿತು, ಸಭಾಂಗಣ ನಕ್ಕಿತು. ಹೆಸರು ಕಿತ್ತು ಬರೀ "ಮಾಮಾ" ಇಟ್ಟೆ. ಮುಂದಿನ ಪ್ರಯೋಗದಲ್ಲಿ ಯಾರೂ ನಗಲಿಲ್ಲ.

ಕೊನೆಗೆ ಅತಿಥಿಗಳಿಗೆ ಧನ್ಯವಾದ ಹೇಳಿ, ಬ್ಯಾಡ್ಜು ವಾಪಸ್ ಕೇಳುತ್ತೇವೆ. ಆಗಲೇ ಹಿಂದಿನಿಂದ ಲೆಕ್ಕ ಕೇಳಿಸುತ್ತದೆ: ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಆಶ್‌ವಿಟ್ಸ್‌ಗೆ 11 ರೈಲು, 18 ಸಾವಿರ ಚಿಲ್ಲರೆ ಜನ. ಅಷ್ಟರಲ್ಲಿ ಫ್ಲಾಟ್ ತಿರುಗುತ್ತದೆ. ಕತ್ತಲು ಮಾಡದೆ, ಸದ್ದಿಲ್ಲದೆ ಅದನ್ನು ತಿರುಗಿಸುವುದು ಹೇಗೆ ಅಂತ ಇಲ್ಲಿ ಬರೆಯಲ್ಲ. ಮೂರು ವಾರ ಬಡಗಿ ಜೊತೆ ಕಾದಾಡಿ ಕಲಿತದ್ದು, ಸುಮ್ನೆ ಬಿಟ್ಟುಕೊಡಲ್ಲ.

ಈಗ ಒಂಬತ್ತು ಪ್ರಯೋಗ ಆಗಿದೆ. 30ರಲ್ಲಿ 26 ಸಾವಿರ ವಾಪಸ್ ಬಂತು ಅಂತ ನೆನಪು. ಬೂಟು ಬೇಕು ಅಂದಿದ್ದವರೇ ಈಗ ಬಾಗಿಲಲ್ಲಿ ಬ್ಯಾಡ್ಜು ಹಂಚುತ್ತಾರೆ. ಎಂಟು ಯೂನಿಫಾರ್ಮ್ ಟ್ರಂಕಿನಲ್ಲಿವೆ. ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ, ಒಂದರ ಗುಂಡಿ ಮಾತ್ರ ಕಳೆದಿದೆ.