ಹಂಡೆ ಒಲೆಯ ಹಳೇ ಬಚ್ಚಲನ್ನು ನಾವೇ ಸರಿಮಾಡಿಕೊಂಡಿದ್ದು

ತಿಪಟೂರಿನ ನಮ್ಮ ಮನೆ ಕಟ್ಟಿದ್ದು 80ರ ದಶಕದಲ್ಲಿ. ಬಚ್ಚಲು ಐದಡಿ ಅಗಲ, ಆರಡಿ ಉದ್ದ. ನೆಲಕ್ಕೆ ಕಡಪ ಕಲ್ಲು, ಗೋಡೆಗೆ ನಾಲ್ಕಡಿ ಎತ್ತರದವರೆಗೆ ಬಿಳಿ ಟೈಲ್ಸ್, ಮೂಲೆಯಲ್ಲಿ ತಾಮ್ರದ ಹಂಡೆ ಕೂರಿಸಿದ ಒಲೆ. ತೆಂಗಿನ ಸೀಮೆ ಅಲ್ವಾ, ಮಟ್ಟೆ, ಗರಿಗೆ ಯಾವತ್ತೂ ಕೊರತೆ ಇರಲಿಲ್ಲ. ಆದರೆ ವರ್ಷಗಟ್ಟಲೆ ಹೊಗೆ ಕುಡಿದ ಮೇಲಿನ ಗೋಡೆ ಪೂರ್ತಿ ಕಪ್ಪಾಗಿತ್ತು. ಕಡಪ ಕಲ್ಲು ಸವೆದು, ಸೋಪಿನ ಜಿಡ್ಡು ಕೂತು ಜಾರುತ್ತಿತ್ತು. ಬಾಗಿಲಿನ ಕೆಳಭಾಗ ಕೊಳೆತು, ಅದರ ಮೇಲೆ ತಗಡು ಹೊಡೆದಿದ್ದೆವು. ಪಕ್ಕದ ಉಗ್ರಾಣದ ಗೋಡೆ ಉಪ್ಪು ಬಿಟ್ಟು ಗಾರೆ ಉದುರುತ್ತಿತ್ತು.

ಅಮ್ಮನಿಗೆ ಮೊಣಕಾಲು ನೋವು. ಆ ನೆಲದ ಮೇಲೆ ಅವರು ನಡೆಯುವುದನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲ ಒಡೆದು ಹೊಸದು ಮಾಡಿಕೊಡಲು ಒಬ್ಬ ಗುತ್ತಿಗೆದಾರರು ಒಂದೂಕಾಲು ಲಕ್ಷ ಕೇಳಿದರು. ನಮ್ಮ ಕೈಯಲ್ಲಿದ್ದದ್ದು 40 ಸಾವಿರ. ಅಷ್ಟರಲ್ಲೇ ನಾನು, ನನ್ನ ತಮ್ಮ ಸೇರಿ ಮಾಡಿ ಮುಗಿಸಿದೆವು. ಕರೆಂಟ್ ಕೆಲಸ ಒಂದನ್ನು ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಟ್ಟೆವು.

ಮೊದಲೇ ಒಂದು ಲೆಕ್ಕ ಹಾಕಿಕೊಂಡಿದ್ದೆವು. ದುಡ್ಡು ಮೊದಲು ನೀರಿನ ಕೆಲಸಕ್ಕೆ, ಅಂದದ ಕೆಲಸಕ್ಕೆ ಆಮೇಲೆ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಎಲ್ಲಿ ಇಂಗುತ್ತದೆ ಎಂಬುದು ಸರಿಯಾಗದೆ ಎಷ್ಟು ಚೆಂದದ ಟೈಲ್ಸ್ ಹಾಕಿದರೂ ಆ ದುಡ್ಡು ದಂಡ. ಅದಕ್ಕೇ ಬುಡದ ಒಂದಡಿ ಬಿಟ್ಟು ಗೋಡೆಯ ಹಳೇ ಬಿಳಿ ಟೈಲ್ಸ್ ಹಾಗೇ ಉಳಿಸಿಕೊಂಡೆವು. ಸುತ್ತಿಗೆಯ ಮರದ ಹಿಡಿಯಿಂದ ಒಂದೊಂದನ್ನೂ ತಟ್ಟಿ ನೋಡಿದೆವು. ಒಳಗೆ ಪೊಳ್ಳಿದ್ದರೆ ಡಬ್ ಡಬ್ ಎಂದು ಸದ್ದು ಬರುತ್ತದೆ. ನಮ್ಮವು ಗಟ್ಟಿಯಾಗಿದ್ದವು.

ಒಲೆ ತೆಗೆಯುವ ಮಾತಿಗೆ ಅಮ್ಮ ಒಪ್ಪಲಿಲ್ಲ. "ನೀರು ತುಂಬೋ ಹಬ್ಬದ ದಿನ ಏನ್ ಮಾಡ್ತೀಯೇ? ಎಣ್ಣೆ ಸ್ನಾನಕ್ಕೆ ಹಂಡೆ ನೀರೇ ಆಗ್ಬೇಕು" ಎಂದರು. ಅವರು ಹೇಳಿದ್ದು ಸರಿಯೇ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹಿತ್ತಿಲಲ್ಲಿ ತಗಡಿನ ಮಾಡಿನ ಕೆಳಗೆ ಹೊಸ ಒಲೆ ಕಟ್ಟಿ ಕೂರಿಸಿದೆವು. ಬಚ್ಚಲಲ್ಲಿ ಒಲೆ ಇದ್ದ ಜಾಗ ಖಾಲಿಯಾಗಿದ್ದರಿಂದ ಅಮ್ಮ ಕೂತು ಸ್ನಾನ ಮಾಡಲು ಎತ್ತರದ ಸ್ಟೂಲಿಗೆ ಜಾಗ ಸಿಕ್ಕಿತು.

ನೆಲದ ಕೆಲಸ ಎಲ್ಲಕ್ಕಿಂತ ದೊಡ್ಡದು. ಕಡಪ ಕಲ್ಲುಗಳ ಸಂದಿಗೆ ಉಳಿ ಹೊಡೆದು, ಹಾರೆ ಕೊಟ್ಟು ಮೀಟಿದರೆ ಹಲಗೆ ಹಲಗೆಯಾಗಿಯೇ ಎದ್ದು ಬಂದವು. ಅಡಿಯಲ್ಲಿದ್ದ ಮರಳು ಪೂರ್ತಿ ಒದ್ದೆ. ಉಗ್ರಾಣದ ಗೋಡೆ ಯಾಕೆ ಉಪ್ಪು ಬಿಡುತ್ತಿತ್ತು ಎಂದು ಆಗ ಗೊತ್ತಾಯಿತು. ಕಲ್ಲಿನ ಸಂದಿಯಿಂದ ಇಳಿದ ನೀರು ತಳಪಾಯ ಸೇರಿ, ಇಟ್ಟಿಗೆ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಗೋಡೆಯ ಮೇಲೆ ಒಣಗುವಾಗ ನೀರಿನಲ್ಲಿದ್ದ ಉಪ್ಪು ಅಲ್ಲೇ ಉಳಿಯುತ್ತದೆ. ಆ ಗೋಡೆಗೆ ಎಷ್ಟು ಸಲ ಬಣ್ಣ ಬಳಿದರೂ ನಿಲ್ಲದಿದ್ದದ್ದು ಇದಕ್ಕೇ.

ಒದ್ದೆ ಮರಳು ತೆಗೆದು, ನೆಲ ಚೆನ್ನಾಗಿ ಒಣಗಲು ಬಿಟ್ಟೆವು. ಹಳೇ ಬಚ್ಚಲಿನ ನೀರು ಗೋಡೆಯ ತೂತಿನಿಂದ ನೇರ ಹಿತ್ತಿಲ ಬಾಳೆಗಿಡಕ್ಕೆ ಹೋಗುತ್ತಿತ್ತು. ಅದೇ ತೂತಿನಿಂದ ಜಿರಲೆ, ಇಲಿ ಒಳಗೆ ಬರುತ್ತಿದ್ದವು. ಬಾಳೆಗೆ ನೀರು ಹೋಗುವುದನ್ನು ತಪ್ಪಿಸದೆ, ಮಧ್ಯೆ ಒಂದು ನಹಾನಿ ಟ್ರ್ಯಾಪ್ ಕೂರಿಸಿ ಮೂರಿಂಚಿನ ಪಿವಿಸಿ ಪೈಪ್ ಜೋಡಿಸಿದೆವು. ಟ್ರ್ಯಾಪಿನೊಳಗೆ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ವಾಸನೆಗೂ ಹುಳಕ್ಕೂ ಆ ನೀರೇ ತಡೆ.

ಆಮೇಲೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಕಲಸಿ ನೆಲ ಹಾಕಿದೆವು. ಇಳಿಜಾರು ಅಡಿಗೆ ಕಾಲಿಂಚು. ನಮ್ಮ ಬೀದಿಯ ಮೇಸ್ತ್ರಿಯೊಬ್ಬರು, "ಅಕ್ಕ, ಟೈಲ್ಸ್‌ನಲ್ಲಿ ಇಳಿಜಾರು ಮಾಡ್ತೀನಿ ಅನ್ಬೇಡಿ, ಗಾರೆಯಲ್ಲೇ ಮಾಡ್ಕೊಳಿ" ಎಂದಿದ್ದರು. ಹಾಗೇ ಮಾಡಿದೆವು. ನಾಲ್ಕೂ ಗೋಡೆಯಿಂದ ಟ್ರ್ಯಾಪಿನ ಬಾಯಿಗೆ ದಾರ ಕಟ್ಟಿ, ದಾರದ ಮಟ್ಟಕ್ಕೆ ಗಾರೆ ತುಂಬಿ, ಮಟ್ಟಗೋಲಿನಿಂದ ಎಳೆದು, ಕರಣೆಯಿಂದ ತೀಡಿದ್ದು. ರಸಮಟ್ಟ ಇಟ್ಟು ನಾಲ್ಕೂ ದಿಕ್ಕಿಗೆ ನೋಡಿಕೊಂಡೆವು. ಒಂದು ವಾರ ನೆಲ ಒಣಗದಂತೆ ಗೋಣಿಚೀಲ ಹಾಸಿ ನೀರು ಹಾಕಬೇಕು. ಈ ವಾರವನ್ನು ಅವಸರಕ್ಕೆ ಬಿಟ್ಟರೆ ಸಿಮೆಂಟಿಗೆ ಗಟ್ಟಿತನ ಬರುವುದಿಲ್ಲ. ಅಷ್ಟು ದಿನವೂ ಎಲ್ಲರ ಸ್ನಾನ ಹಿತ್ತಿಲ ಹಂಡೆಯ ಪಕ್ಕ, ಸೀರೆ ಕಟ್ಟಿದ ಮರೆಯಲ್ಲಿ.

ನೆಲ ಗಟ್ಟಿಯಾದ ಮೇಲೆ ವಾಟರ್‌ಪ್ರೂಫಿಂಗ್. ಪುಡಿ ಒಂದು, ಹಾಲಿನಂಥ ದ್ರವ ಒಂದು, ಎರಡನ್ನೂ ಕಲಸಿ ಬ್ರಷ್‌ನಲ್ಲಿ ಬಳಿಯುವ ಪಾಲಿಮರ್ ಸಿಮೆಂಟಿನ ಬಗೆ ನಮ್ಮದು. ಗೋಡೆಯ ಕೆಳಗಿನ ಒಂದಡಿ ಟೈಲ್ಸ್ ಮಾತ್ರ ಕಿತ್ತು, ಅಲ್ಲಿಯವರೆಗೂ ಬಳಿದೆವು. ನೆಲ, ಗೋಡೆ ಸೇರುವ ಮೂಲೆಯಲ್ಲೇ ಬಿರುಕು ಬಿಡುವುದು ಜಾಸ್ತಿ. ಅದಕ್ಕೆ ಮೂಲೆಗಳಿಗೆ ಗಾರೆಯಿಂದ ಸಣ್ಣ ಗೋಲ ಕೊಟ್ಟು, ಫೈಬರ್ ಬಲೆ ಇಟ್ಟು ಬಳಿದೆವು. ಮೊದಲ ಕೋಟ್ ಉದ್ದಕ್ಕೆ, ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಅದೂ ಪೂರ್ತಿ ಒಣಗಿದ ಮೇಲೆ ಟ್ರ್ಯಾಪಿನ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಎರಡಿಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ 24 ಗಂಟೆ ಬಿಟ್ಟೆವು. ಗೆರೆಯ ಹತ್ತಿರವೇ ನೀರು ನಿಂತಿದ್ದರೆ ಮುಂದಿನ ಕೆಲಸ. ದಯವಿಟ್ಟು ಈ ಪರೀಕ್ಷೆ ಬಿಡಬೇಡಿ. ಟೈಲ್ಸ್ ಹಾಕಿದ ಮೇಲೆ ಸೋರಿಕೆ ಗೊತ್ತಾದರೆ ಮತ್ತೆ ಎಲ್ಲ ಒಡೆಯಬೇಕಾಗುತ್ತದೆ.

ನೆಲಕ್ಕೆ ಒಂದಡಿಗೆ ಒಂದಡಿಯ ಮ್ಯಾಟ್ ಟೈಲ್ಸ್ ತಂದೆವು. ಅಂಗಡಿಯಲ್ಲಿ ಎರಡಡಿಯ ಟೈಲ್ಸ್ ತೋರಿಸಿ ಸಂದಿ ಕಡಿಮೆ ಎನ್ನುತ್ತಾರೆ. ಬಚ್ಚಲಿಗೆ ಸಣ್ಣದೇ ಒಳ್ಳೆಯದು. ಇಳಿಜಾರಿಗೆ ಸರಿಯಾಗಿ ಕೂರುತ್ತದೆ, ಸಂದಿ ಜಾಸ್ತಿ ಇದ್ದಷ್ಟೂ ಕಾಲಿಗೆ ಹಿಡಿತ. ಕೊಳ್ಳುವ ಮೊದಲು ಸೋಪು ನೀರು ಹಾಕಿಸಿ, ಬರಿಗಾಲಲ್ಲಿ ಉಜ್ಜಿ ನೋಡಿದೆ. ಅಂಗಡಿಯವರು ಬೇಡ ಎನ್ನಲಿಲ್ಲ. ಮೂವತ್ತು ಚದರಡಿ ನೆಲ, ಗೋಡೆಯ ಬುಡದ ಒಂದಡಿ ಪಟ್ಟಿ, ಒಡೆದುಹೋಗುವುದಕ್ಕೆ ಹತ್ತನೇ ಒಂದು ಭಾಗ ಸೇರಿಸಿ ತಂದರೆ ಸಾಕು. ಅಂಟಿಸಲು ಸಿಮೆಂಟ್ ಹಾಲಿನ ಬದಲು ಟೈಲ್ ಅಡ್ಹೆಸಿವ್ ಬಳಸಿದೆವು. ಹಲ್ಲಿನ ಕರಣೆಯಿಂದ ಎಳೆದು ಒತ್ತಿದರೆ ಅಡಿಯಲ್ಲಿ ಪೊಳ್ಳು ಉಳಿಯುವುದಿಲ್ಲ.

ಸಂದಿಗೆ ಎಪಾಕ್ಸಿ ಗ್ರೌಟ್. ಸಾದಾ ಗ್ರೌಟಿಗಿಂತ ರೇಟು ಜಾಸ್ತಿ, ಆದರೆ ನೀರು ಹೀರುವುದಿಲ್ಲ, ಕಪ್ಪಾಗುವುದಿಲ್ಲ. ಬೇಗ ಗಟ್ಟಿಯಾಗುವುದರಿಂದ ಅರ್ಧ ಗಂಟೆಗೆ ಬೇಕಾದಷ್ಟೇ ಕಲಸಿ. ಟೈಲ್ಸ್ ಮೇಲೆ ಉಳಿದದ್ದನ್ನು ಒದ್ದೆ ಸ್ಪಂಜಿನಿಂದ ಆಗಲೇ ಒರೆಸಿ. ಮೇಲಿನ ಹಳೇ ಟೈಲ್ಸ್ ಸಂದಿಗಳನ್ನೂ ಕೆರೆದು ಇದನ್ನೇ ತುಂಬಿದೆವು.

ನಮ್ಮದು ಬೋರ್‌ವೆಲ್ ನೀರು, ತುಂಬಾ ಗಡಸು. ಟೈಲ್ಸ್ ಮೇಲೆ ಬಿಳೀ ಪೊರೆ ಕಟ್ಟಿತ್ತು. ಅದಕ್ಕೆ ಅಂಗಡಿ ಆಸಿಡ್ ಹಾಕಲಿಲ್ಲ. ಅದು ಕಲೆಯ ಜೊತೆ ಸಂದಿಯ ಸಿಮೆಂಟನ್ನೂ ತಿನ್ನುತ್ತದೆ, ನಲ್ಲಿಯ ಹೊಳಪನ್ನೂ ತೆಗೆಯುತ್ತದೆ. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ಹಳೇ ಬಟ್ಟೆ ಅದ್ದಿ ಗೋಡೆಗೆ ಅಂಟಿಸಿ, ಒಂದು ಗಂಟೆ ಬಿಟ್ಟು ಉಜ್ಜಿದೆವು. ದಪ್ಪ ಪೊರೆ ಇದ್ದಲ್ಲಿ ಮತ್ತೆ ಮತ್ತೆ ಮಾಡಬೇಕಾಯಿತು. ಇನ್ನೊಂದು ಮಾತು. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಚಿಕ್ಕ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು ಒಳಗೆ ತುಕ್ಕು, ಸುಣ್ಣ ಕಟ್ಟಿ ನೀರು ಸಣ್ಣಗೆ ಬರುತ್ತಿತ್ತು. ಅದನ್ನು ಗೋಡೆಯೊಳಗೇ ಸತ್ತಂತೆ ಬಿಟ್ಟು, ಬಿಸಿನೀರಿಗೂ ತಡೆಯುವ ಹೊಸ ಸಿಪಿವಿಸಿ ಪ್ಲಾಸ್ಟಿಕ್ ಪೈಪನ್ನು ಗೋಡೆಯ ಮೇಲೆಯೇ ಕ್ಲಾಂಪ್ ಹಾಕಿ ಎಳೆದೆವು. ನೋಡಲು ಅಷ್ಟು ಚೆಂದವಿಲ್ಲ, ನಿಜ. ಆದರೆ ಗೋಡೆ ಕೊರೆಯುವ ಖರ್ಚಿಲ್ಲ. ನಾಳೆ ಎಲ್ಲಾದರೂ ಸೋರಿದರೆ ಕಣ್ಣಿಗೇ ಕಾಣುತ್ತದೆ. ಜೋಡಿಸುವುದು ಕಷ್ಟವಲ್ಲ. ನೇರವಾಗಿ ಕತ್ತರಿಸಿ, ಅಂಚು ತೀಡಿ, ಸಾಲ್ವೆಂಟ್ (ಪೈಪಿನ ಅಂಟು) ಸವರಿ, ಕಾಲು ಸುತ್ತು ತಿರುಗಿಸಿ ಒಳಗೆ ತಳ್ಳಿ ಅರ್ಧ ನಿಮಿಷ ಬಿಗಿಯಾಗಿ ಹಿಡಿದರಾಯಿತು. ನಲ್ಲಿ ಕೂರುವ ಕಡೆ ಒಳಗೆ ಹಿತ್ತಾಳೆ ಇರುವ ಫಿಟಿಂಗ್ಸನ್ನೇ ಹಾಕಿ. ಬರೀ ಪ್ಲಾಸ್ಟಿಕ್ ಮರೆ (ಥ್ರೆಡ್) ಬಿಗಿ ಮಾಡುವಾಗ ಸೀಳುತ್ತದೆ. ಟೆಫ್ಲಾನ್ ಟೇಪನ್ನು, ನಲ್ಲಿಯ ಮರೆಯ ತುದಿ ನಮ್ಮ ಕಡೆ ಇಟ್ಟುಕೊಂಡು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಸುತ್ತಬೇಕು.

ಹೊಗೆ ಹಿಡಿದ ಗೋಡೆಯ ಹಳೇ ಡಿಸ್ಟೆಂಪರ್ ಪೂರ್ತಿ ಕೆರೆದು, ಸೋಪು ನೀರಲ್ಲಿ ತೊಳೆದು, ಆಯಿಲ್ ಪ್ರೈಮರ್ ಹೊಡೆದೆವು. ನೀರಿನ ಪ್ರೈಮರ್ ಹೊಡೆದರೆ ಮಸಿಯ ಹಳದಿ ಕಲೆ ಮತ್ತೆ ಮೇಲೆ ಏಳುತ್ತದೆ. ಅದರ ಮೇಲೆ ಹೊರಗೋಡೆಗೆ ಬಳಿಯುವ ಎಮಲ್ಷನ್. ಆವಿಗೆ ಅದು ತಡೆಯುತ್ತದೆ. ಒಲೆಯ ಹೊಗೆಗಿಂಡಿಯಲ್ಲಿ ಆರಿಂಚಿನ ಎಕ್ಸಾಸ್ಟ್ ಫ್ಯಾನ್ ಸರಿಯಾಗಿ ಕೂತಿತು. ಬಾಗಿಲು ಪಿವಿಸಿಯದು.

ಅಮ್ಮನಿಗಾಗಿ ಎರಡು ಸ್ಟೀಲ್ ಹಿಡಿಕೆ ಹಾಕಿದೆವು. ಒಂದು ಬಾಗಿಲ ಪಕ್ಕ, ಒಂದು ಸ್ಟೂಲಿನ ಪಕ್ಕ. ಟೈಲ್ಸ್ ಮೇಲೆ ಟೇಪ್ ಅಂಟಿಸಿ, ಟೈಲ್ ಬಿಟ್‌ನಲ್ಲಿ ನಿಧಾನಕ್ಕೆ ತೂತು ಮಾಡಿ. ಟೈಲ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಒತ್ತಬಾರದು. ಸ್ಕ್ರೂ ಒಳಗಿನ ಇಟ್ಟಿಗೆಯನ್ನೇ ಹಿಡಿಯಬೇಕು. ಕೊನೆಗೆ ನಾನೇ ಪೂರ್ತಿ ಭಾರ ಬಿಟ್ಟು ಜೋತುಬಿದ್ದು ನೋಡಿದೆ.

ಬಿಸಿನೀರಿಗೆ ಗ್ಯಾಸ್ ಗೀಸರ್ ಅಗ್ಗ ಎಂದು ಹಲವರು ಹೇಳಿದರು. ಮುಚ್ಚಿದ ಬಚ್ಚಲೊಳಗೆ ಅದು ಬೇಡವೇ ಬೇಡ. ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. 15 ಲೀಟರಿನ ಕರೆಂಟ್ ಗೀಸರ್ ತಂದೆವು. 2,000 ವಾಟ್ ಎಂದರೆ ಸುಮಾರು 9 ಆಂಪಿಯರ್, ಹಳೇ ಲೈಟಿನ ವೈರ್ ಅದಕ್ಕೆ ಆಗುವುದಿಲ್ಲ. ಎಲೆಕ್ಟ್ರಿಷಿಯನ್ ಮೇನ್ ಬೋರ್ಡಿನಿಂದ ಬೇರೆ ವೈರ್ ಎಳೆದು, 16 ಆಂಪಿಯರ್ ಪಾಯಿಂಟ್, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿ, ಅರ್ತಿಂಗ್ ಹೊಸದಾಗಿ ಮಾಡಿಕೊಟ್ಟರು. ಸ್ವಿಚ್ ಬಚ್ಚಲ ಹೊರಗೆ.

ಖರ್ಚು ಒಟ್ಟು 38,500 ರೂಪಾಯಿ. ಗೀಸರ್ ಮತ್ತು ಕರೆಂಟ್ ಕೆಲಸಕ್ಕೆ 13,500. ನಲ್ಲಿ, ಪೈಪಿಗೆ 7,500. ವಾಟರ್‌ಪ್ರೂಫಿಂಗ್ ಮತ್ತು ಗ್ರೌಟಿಗೆ ಐದು ಸಾವಿರ ಚಿಲ್ಲರೆ. ಟೈಲ್ಸ್, ಅಡ್ಹೆಸಿವ್, ಸಿಮೆಂಟ್, ಮರಳು ಸೇರಿ ನಾಲ್ಕು ಸಾವಿರ ಮಾತ್ರ. ಉಳಿದದ್ದು ಬಾಗಿಲು, ಫ್ಯಾನ್, ಹಿಡಿಕೆ, ಬಣ್ಣಕ್ಕೆ. ಉಗ್ರಾಣದ ಗೋಡೆಗೆ ಈಗಲೇ ಕೈ ಹಾಕಿಲ್ಲ. ಒಂದು ಬೇಸಿಗೆ ಪೂರ್ತಿ ಒಣಗಲಿ, ಆಮೇಲೆ ಹಳೇ ಗಾರೆ ಕೆರೆದು ಹೊಸದು ಹಾಕುತ್ತೇವೆ. ಗೀಸರನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ಒಳಗಿನ ಸುಣ್ಣ ತೆಗೆಸಬೇಕು, ಮೆಗ್ನೀಷಿಯಂ ಕಡ್ಡಿ ಸವೆದಿದ್ದರೆ ಬದಲಾಯಿಸಬೇಕು. ಗಡಸು ನೀರಿನ ಊರಲ್ಲಿ ಆ ಕಡ್ಡಿ ಹೋದರೆ ಮುಂದೆ ತುಕ್ಕು ಹಿಡಿಯುವುದು ಟ್ಯಾಂಕಿಗೇ.